ಮಾಸ್ತರ ಮನೆಯ ಹೆಸರು

೫ ಜನೆವರಿ ೧೯೩೮

ಐವತ್ತಾರನೆಯ ವಯಸ್ಸಿಗೆ ಸೈಕಲ್ ಕಲಿಯಲು ಹೋದವನಿಗೆ ಏನಾಗಬೇಕೋ ಅದು ನನಗೆ ಆಯಿತು. ಮೊನ್ನೆ ಮೂಡಲಗಿ ರಸ್ತೆಯಲ್ಲಿ ಎದುರಿಗೊಂದು ಎಮ್ಮೆ ಬಂತು. ನಾನು ಅದಕ್ಕೆ ದಾರಿ ಬಿಡಲು ಎಡಕ್ಕೆ ತಿರುಗಿದೆ, ಅದು ನನಗೆ ದಾರಿ ಬಿಡಲು ಅದೇ ಕಡೆಗೆ ಸರಿಯಿತು. ರಸ್ತೆಯ ಬದಿಯ ತಗ್ಗಿಗೆ ಬಿದ್ದು ಎಡಗಾಲಿನ ಎಲುಬು ಮೊಳಕಾಲ ಕೆಳಗೆ ಮುರಿದಿದೆ. ಎಮ್ಮೆಗೆ ಏನೂ ಆಗಿಲ್ಲ.

ಮೂಡಲಗಿಯ ಎಲುಬು ಕಟ್ಟುವ ಶೆಟ್ಟೆಪ್ಪ ಬಂದು ಬಿದಿರಿನ ದಬ್ಬೆ ಬಿಗಿದು ಹೋಗಿದ್ದಾನೆ. "ಎರಡು ತಿಂಗಳು ಕಾಲು ನೆಲಕ್ಕ ಹಚ್ಚಬ್ಯಾಡ್ರಿ ಮಾಸ್ತರ. ಹಚ್ಚಿದ್ರ ಮತ್ತ ನನ್ನ ಕರೀಬ್ಯಾಡ್ರಿ" ಎಂದ.

ಮೂವತ್ತನಾಲ್ಕು ವರ್ಷ ಗೋಕಾಕದ ಗಂಡುಮಕ್ಕಳ ಸಾಲೆಯಲ್ಲಿ ನಿಂತು ಪಾಠ ಹೇಳಿದ ಮುರಿಗೆಪ್ಪ ಮಾಸ್ತರ ಈಗ ಪಡಸಾಲೆಯ ಮಂಚದ ಮೇಲೆ ಮಲಗಿ ಬೀದಿ ನೋಡುತ್ತಿದ್ದಾನೆ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದಾರೆ. ಮನೆಯಲ್ಲಿ ನಾನು, ಮನೆಯವಳು, ಇಬ್ಬರೇ. ಆಕೆಯೂ ಒಂದು ಕಡೆ ಕೂಡುವವಳಲ್ಲ. ಇಂದು ಬಾವಿಯ ಸರದಿಯ ಜಗಳ ಬಿಡಿಸಲು ಹೋಗಿ ನನ್ನ ಚಹ ಅರ್ಧ ತಾಸು ತಡವಾಯಿತು. ಹೊತ್ತು ಕಳೆಯಲು ಈ ನೋಟುಬುಕ್ಕು ತೆಗೆದಿದ್ದೇನೆ.

೮ ಜನೆವರಿ

ಇಂದು ಹಣಮಂತ ಬಂದಿದ್ದ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದರೂ ಸುದ್ದಿ ಹಂಚುವುದನ್ನು ಬಿಟ್ಟಿಲ್ಲ. ಈಗಿನ ಅಧ್ಯಕ್ಷರು ವಯಸ್ಸಾಯಿತೆಂದು ಮುನಸಿಪಾಲಿಟಿಯ ಕುರ್ಚಿಯಿಂದ ಇಳಿಯುತ್ತಾರಂತೆ. ಮುಂದೆ ಯಾರು? ಚುನಾವಣೆಗೆ ಇನ್ನೂ ತಿಂಗಳುಗಳಿವೆ. ಮೊದಲು ಓಣಿ ಓಣಿಯಿಂದ ಸದಸ್ಯರು ಆರಿಸಿ ಬರಬೇಕು, ಆ ಸದಸ್ಯರು ಕೂಡಿ ಅಧ್ಯಕ್ಷರನ್ನು ಆರಿಸಬೇಕು. ಆದರೆ ನಮ್ಮ ಊರಿನ ಮಂದಿ ತುದಿಯಿಂದ ಎಣಿಸುತ್ತಾರೆ. ಅಧ್ಯಕ್ಷ ಯಾರೆಂಬುದು ಮೊದಲು ನಿಶ್ಚಯವಾಗಬೇಕು, ಉಳಿದದ್ದು ಆಮೇಲೆ.

ಚಹದಂಗಡಿಯಲ್ಲಿ ಎರಡು ಹೆಸರು ಓಡುತ್ತಿವೆ. ಅರಳೆಯ ವ್ಯಾಪಾರಿ ಶಿದ್ಲಿಂಗಪ್ಪನವರು, ವಕೀಲ ಸೋಮಪ್ಪನವರು. ಈ ಸಲದ ಕುರ್ಚಿಗೆ ಬೆಲೆ ಹೆಚ್ಚು. ಮೇಲಿನ ಓಣಿಗಳಿಗೆ ನಳ ಹಾಕುವುದೆಂದು ಠರಾವಾಗಿದೆ, ಎಲ್ಲಿ ಹಾಕಬೇಕೆಂಬುದು ಹೊಸಬರ ಕೈಯಲ್ಲಿದೆ. ನಾನು ಹಣಮಂತನಿಗೆ ಒಂದು ತಾಸು ವಿವರಿಸಿ ಹೇಳಿದೆ: ಶಿದ್ಲಿಂಗಪ್ಪನವರೇ ನಿಲ್ಲುತ್ತಾರೆ, ಅವರೇ ಬರುತ್ತಾರೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಮನೆಯವಳು ಅಲ್ಲಿಂದಲೇ ಹೇಳಿದಳು, "ಶಿದ್ಲಿಂಗಪ್ಪನವರು ನಿಂದ್ರೂದಿಲ್ರಿ."

"ನಿನಗ ಯಾರು ಹೇಳಿದ್ರು?"

"ಅವರು ನಿಂತ್ರ ತಾನು ತವರಮನಿಗೆ ಹೋಗತೇನಂತ ಅವರ ಹೆಂಡತಿ ಆಣಿ ಮಾಡ್ಯಾಳ. ಹೋದಸಲ ಯಾವುದೋ ಕಮಿಟಿಗೆ ನಿಂತಾಗ ಒಂದು ತಿಂಗಳು ಮಂದಿಗೆ ಅಡಗಿ ಮಾಡಿ ಆಕಿ ಸೊಂಟ ಹೋಗೇತಿ."

ರಾಜಕಾರಣವನ್ನು ಸೊಂಟದಿಂದ ಅಳೆಯುವವರಿಗೆ ಏನು ಹೇಳುವುದು? ಹಣಮಂತ ನಕ್ಕ. ನಾನೂ ನಕ್ಕೆ.

೧೪ ಜನೆವರಿ

ಸಂಕ್ರಮಣ. ಊರೆಲ್ಲ ಹೊಳೆಯಲ್ಲಿ ಮೀಯಲು ಹೋಗಿ, ಬೀದಿಯಲ್ಲಿ ನಾನು ಮತ್ತು ಒಂದು ನಾಯಿ ಉಳಿದಿದ್ದೆವು. ಮಂಚದ ಪಕ್ಕದಲ್ಲಿ ಶೇಂಗಾದ ಬುಟ್ಟಿ ಇತ್ತು. ಕೈ ಸುಮ್ಮನಿರಲಾರದೆ ಒಂದೊಂದೇ ಸುಲಿದೆ. ಅವರು ಮರಳಿ ಬರುವಷ್ಟರಲ್ಲಿ ಬುಟ್ಟಿ ಅರ್ಧವಾಗಿತ್ತು. ಮನೆಯವಳು ನೋಡಿ, ಸುಲಿದದ್ದನ್ನು ಎತ್ತಿ ಒಳಗಿಟ್ಟಳು.

ಅವಳೊಂದಿಗೆ ಹತ್ತು ಹನ್ನೆರಡು ಹೆಂಗಸರು ಬಂದಿದ್ದರು. ನನಗೆ ಮಾದಲಿ, ಶೇಂಗಾ ಹೋಳಿಗೆ ಎಲ್ಲರ ಮನೆಯಿಂದಲೂ ಬಂತು. ಕಾಯಿಪಲ್ಯ ಮಾರುವ ಭರಮವ್ವ ನನ್ನ ಕಾಲನ್ನೇ ನೋಡುತ್ತ, "ಶಿವಗಂಗಕ್ಕ, ಮಾಸ್ತರು ಎಂದ ಎದ್ದು ಅಡ್ಡಾಡತಾರ?" ಎಂದು ಮನೆಯವಳನ್ನು ಕೇಳಿದಳು.

"ಇನ್ನೂ ಒಂದೂವರಿ ತಿಂಗಳು ಬೇಕಂತ. ಯಾಕ?"

"ನೀವು ಮನಿ ಬಿಟ್ಟು ಹೊರಗ ಬರಬೇಕಲ್ರಿ ಅಕ್ಕಾ."

ಮನೆಯವಳು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾವಿಯ ಸರದಿ ನೋಡಿಕೊಳ್ಳಲು ಇವರಿಗೆ ಬೇರೆ ಯಾರೂ ಸಿಕ್ಕಿಲ್ಲವೆಂದು ಕಾಣುತ್ತದೆ.

೨೧ ಜನೆವರಿ

ಶಿದ್ಲಿಂಗಪ್ಪನವರು ನಿಲ್ಲುವುದಿಲ್ಲವಂತೆ. ಹಣಮಂತ ಓಡುತ್ತ ಬಂದು ಹೇಳಿದ. ನನಗೆ ಮೊದಲೇ ಗೊತ್ತಿತ್ತು ಎಂದೆ.

೨೭ ಜನೆವರಿ

ಬರೆಯಬೇಕೋ ಬೇಡವೋ ಎಂದು ಮುಂಜಾನೆಯಿಂದ ವಿಚಾರ ಮಾಡಿದೆ. ಈ ಬುಕ್ಕನ್ನು ನಾನಲ್ಲದೆ ಯಾರು ಓದುತ್ತಾರೆ, ಬರೆಯುತ್ತೇನೆ.

ಹಣಮಂತ ಇಂದು ಒಳಗೆ ಬಂದವನು ಕೂಡಲಿಲ್ಲ. ಬಾಗಿಲಲ್ಲೇ ನಿಂತು ರುಮಾಲು ಸರಿಪಡಿಸಿಕೊಂಡು, "ಮಾಸ್ತರ, ಚಹದಂಗಡ್ಯಾಗ ಮಾಸ್ತರ ಮನಿ ಹೆಸರು ಬಂತ್ರಿ" ಎಂದ.

"ಯಾವ ಮಾಸ್ತರ?"

"ಊರಾಗ ಮಾಸ್ತರ ಅಂದ್ರ ಮತ್ಯಾರು? ಮೇಲಿನ ಓಣಿ ಮಂದಿ ಎಲ್ಲಾ ಒಂದ ಮಾತು ಆಡಾಕತ್ತಾರ."

ನಾನು ದೊಡ್ಡಸ್ತಿಕೆ ತೋರಿಸಲಿಲ್ಲ. ಕಾಲು ಮುರಿದವನಿಗೆ ಇದೆಲ್ಲ ಯಾಕೆ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದು, ಒಳಗಿನಿಂದ ಮನೆಯವಳು ಬಂದದ್ದನ್ನು ನೋಡಿ ಸುಮ್ಮನಾದ. ಪಾಪ, ಹೆಂಗಸರ ಮುಂದೆ ರಾಜಕಾರಣ ಬೇಡವೆಂದು.

ಮೂವತ್ತನಾಲ್ಕು ವರ್ಷದಲ್ಲಿ ಈ ಊರಿನ ಅರ್ಧ ಗಂಡಸರ ಕಿವಿ ಹಿಂಡಿದ್ದೇನೆ. ಅವರು ನನ್ನನ್ನು ಮರೆತಿಲ್ಲ.

೩೦ ಜನೆವರಿ

ಭಾಷಣದ ಮೊದಲ ಪುಟ ಬರೆದೆ. "ಘಟಪ್ರಭೆಯ ದಂಡೆಯ ಮೇಲೆ ನೆಲೆಸಿದ ನನ್ನ ನೆಚ್ಚಿನ ನಾಗರಿಕರೇ" ಎಂದು ಆರಂಭ. ಜೋಳ ಹಸನು ಮಾಡುತ್ತಿದ್ದ ಮನೆಯವಳಿಗೆ ಓದಿ ಹೇಳಿದೆ. ಸುಮ್ಮನೆ ಅಭ್ಯಾಸಕ್ಕೆ ಬರೆದದ್ದು ಎಂದೆ.

ಅವಳು ಪುಟದ ಕೊನೆಯ ತನಕ ಕೇಳಿದಳು. "ಛಲೋ ಐತ್ರಿ. ಆದರ ನೀರಿನ ಮಾತು ಎಲ್ಲೈತಿ?"

"ಅದು ಮೂರನೆಯ ಪುಟದಾಗ ಬರತೈತಿ."

"ಮೂರನೇ ಪುಟದ ತನಕ ಹೆಂಗಸರು ಕೊಡ ಹೊತ್ತುಕೊಂಡ ನಿಂದ್ರಬೇಕೇನ್ರಿ?"

ನೀರನ್ನು ಮೊದಲ ಪುಟಕ್ಕೆ ತಂದೆ. ಭಾಷಣ ಸಣ್ಣದಾಯಿತು, ಕೆಟ್ಟಿಲ್ಲ. ಮಾತಾಡುತ್ತ ನಾನೂ ಮೊರ ಹಿಡಿದಿದ್ದೆ. ಜೋಳದಲ್ಲಿ ಹರಳು ಗುರುತಿಸಲು ನನ್ನ ಕಣ್ಣು ಇವಳ ಕಣ್ಣಿಗಿಂತ ಚುರುಕು. ಸಾವಿರಾರು ಮಕ್ಕಳ ಪಾಟಿ ತಿದ್ದಿದ ಕಣ್ಣು.

೪ ಫೆಬ್ರುವರಿ

ಹುಕ್ಕೇರಿಯಿಂದ ಇವಳ ತಮ್ಮ ಅಣ್ಣಪ್ಪನ ಕಾಗದ ಬಂದಿದೆ. ಅಕ್ಷರಕ್ಕೆ ಅಕ್ಷರ ಹೀಗಿದೆ: "ಭಾವನವರಿಗೆ ಶರಣು. ನಿಮ್ಮ ಮನೆಯ ಹೆಸರು ಇಲ್ಲಿ ಹುಕ್ಕೇರಿ ಸಂತೆಯಲ್ಲಿಯೂ ಕೇಳಿಬಂತು. ನಮ್ಮ ಮನೆತನಕ್ಕೇ ಹೆಮ್ಮೆಯ ವಿಷಯ. ತಾವು ದೊಡ್ಡ ಮನಸ್ಸು ಮಾಡಿ ಒಪ್ಪಬೇಕು, ಇಲ್ಲವೆನ್ನಬಾರದು."

ಹುಕ್ಕೇರಿಯ ತನಕ. ನನ್ನ ಸಂಕೋಚದ ಸ್ವಭಾವ ಅಣ್ಣಪ್ಪನಿಗೆ ಗೊತ್ತು, ಅದಕ್ಕೇ ಇಲ್ಲವೆನ್ನಬೇಡಿ ಎಂದು ಬರೆದಿದ್ದಾನೆ. ಕಾಗದವನ್ನು ಇವಳಿಗೆ ಕೊಟ್ಟೆ. ಓದಿದವಳ ಮುಖ ಕೆಂಪಾಯಿತು. ಗಂಡನ ಹೆಸರು ತವರಿನ ಸಂತೆಯಲ್ಲಿ ಓಡಾಡಿದರೆ ಯಾವ ಹೆಂಗಸಿಗೆ ಹೆಮ್ಮೆಯಾಗದು?

"ನಿಮಗ ಏನನಸ್ತೈತ್ರಿ?" ಎಂದು ಕೇಳಿದಳು, ಬಹಳ ಮೆಲ್ಲಗೆ.

"ಊರು ಕರೆದ್ರ ಹೋಗಬೇಕಾಗತೈತಿ" ಎಂದೆ.

ಅವಳು ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಸಂಜೆ ಕೇಳದೆಯೇ ಮಂಡಿಗೆಯಷ್ಟು ತೆಳುವಾದ ಹೋಳಿಗೆ ಮಾಡಿದಳು.

೧೦ ಫೆಬ್ರುವರಿ

ಶೆಟ್ಟೆಪ್ಪ ಬಂದು ದಬ್ಬೆ ಸಡಿಲಿಸಿದ. ಎಲುಬು ಕೂಡಿದೆ. ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಇಡಬಹುದು. ಅವನು ಬಂದಾಗ ನಾನು ಕುಳಿತಲ್ಲಿಯೇ ಮಜ್ಜಿಗೆ ಕಡೆಯುತ್ತಿದ್ದೆ. ಬೆಣ್ಣೆ ಬರುವ ಹೊತ್ತಿಗೆ ಕಡಗೋಲಿನ ಸಪ್ಪಳವೇ ಬದಲಾಗುತ್ತದೆ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಬೆಣ್ಣೆ ಬಂದಿತೆಂದು ಶೆಟ್ಟೆಪ್ಪನಿಗೂ ಒಂದು ಉಂಡೆ ಕೊಟ್ಟೆ.

"ಲಗೂನ ಏಳ್ರಿ ಮಾಸ್ತರ. ಮೂಡಲಗ್ಯಾಗೂ ಮಂದಿ ನಿಮ್ಮ ಮನಿ ಮಾತ ಆಡತಾರ" ಎಂದ ಅವನು ಬೆಣ್ಣೆ ನೆಕ್ಕುತ್ತ.

ಭಾಷಣ ಈಗ ಒಂದೇ ಪುಟ. ಇವಳು ಹೇಳಿದಂತೆಲ್ಲ ಕತ್ತರಿಸಿದೆ.

೧೬ ಫೆಬ್ರುವರಿ

ನಾಳೆ ಓಣಿಯ ಹಿರಿಯರು ಬರುತ್ತಾರಂತೆ. ಕರಿಯ ಕೋಟು ಬಿಸಿಲಿಗೆ ಹಾಕಿಸಿದೆ. ಜರಿಯ ರುಮಾಲು ಪೆಟ್ಟಿಗೆಯ ತಳದಲ್ಲಿತ್ತು, ಇವಳೇ ತೆಗೆದು ಕೊಟ್ಟಳು.

೧೭ ಫೆಬ್ರುವರಿ

ಆದದ್ದನ್ನು ಆದಂತೆ ಬರೆಯುತ್ತೇನೆ.

ಹೊತ್ತು ಏರುವ ಮೊದಲೇ ಬಂದರು. ಗಂಡಸರು ನಾಲ್ವರು, ಹೆಂಗಸರು ಎಂಟು ಹತ್ತು ಮಂದಿ. ಹೆಂಗಸರು ಯಾಕೆ ಬಂದರೆಂದು ನನಗೆ ಆಗಲೂ ಹೊಳೆಯಲಿಲ್ಲ. ಕೋಟು, ರುಮಾಲು ಧರಿಸಿ ಮಂಚದ ಮೇಲೆ ನೆಟ್ಟಗೆ ಕುಳಿತಿದ್ದೆ. ಹಣಮಂತ ಗಂಟಲು ಸರಿಮಾಡಿಕೊಂಡ. "ಮಾಸ್ತರ, ನಾವು ಯಾಕ ಬಂದೇವಿ ನಿಮಗ ಗೊತ್ತ ಐತಿ. ಊರ ಮಾತಿಗೆ ನೀವು ಇಲ್ಲ ಅನಬಾರದು."

ನಾನು ಕೋಲು ಊರಿ ಎದ್ದು ನಿಂತೆ. "ಊರ ಮಾತಿಗೆ ಇಲ್ಲ ಅನ್ನಾಕ ನಾ ಯಾರು? ನನ್ನ ಒಪ್ಪಿಗಿ ಐತಿ."

ಅವರಿಗೆ ಆದ ಸಂತೋಷ ನೋಡಬೇಕಿತ್ತು. ಒಬ್ಬ ನನ್ನ ಕಾಲಿಗೇ ಬಿದ್ದ, ಮುರಿದ ಕಾಲಿಗೆ. ಭರಮವ್ವ ನನ್ನ ಕಡೆಗೆ ಕೈಮುಗಿದು, ಅಡಿಗೆಮನೆಯ ಬಾಗಿಲಿಗೆ ಹೋಗಿ, "ಶಿವಗಂಗಕ್ಕ, ಹೊರಗ ಬರ್ರಿ. ಮಾಸ್ತರು ಒಪ್ಪಿದ್ರು. ಇನ್ನ ನೀವು ಒಲ್ಲೆ ಅನ್ನಾಕ ಬರೂದಿಲ್ಲ" ಎಂದಳು.

ನಾನು ಮೊದಲು ಏನೂ ತಿಳಿಯದೆ ನಗುತ್ತಲೇ ನಿಂತಿದ್ದೆ. ಹಣಮಂತ ಚೀಲದಿಂದ ಮತದಾರರ ಯಾದಿ ತೆಗೆದು ತೋರಿಸಿದ. ಮನೆಪಟ್ಟಿಯ ತೆರಿಗೆ ಯಾರ ಹೆಸರಿನಲ್ಲಿದೆಯೋ ಅವರ ಹೆಸರು ಯಾದಿಯಲ್ಲಿ, ಯಾದಿಯಲ್ಲಿದ್ದವರಿಗಷ್ಟೇ ನಿಲ್ಲಲು ಬರುತ್ತದೆ. ಈ ಮನೆ ನನ್ನ ಮಾವನವರು ಮಗಳಿಗೆ ಕೊಡಿಸಿದ್ದು. ಮೇಲಿನ ಓಣಿಯ ನಲವತ್ತೊಂದನೆಯ ಸಾಲು: ಶಿವಗಂಗವ್ವ, ಗಂಡನ ಹೆಸರು ಮುರಿಗೆಪ್ಪ. ಮುರಿಗೆಪ್ಪ ಎಂದು ಬೇರೆ ಸಾಲು ಇರಲಿಲ್ಲ. ನಾನು ಹಾಳೆ ತಿರುವಿ ಹಿಂದೆಯೂ ನೋಡಿದೆ.

ಆಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಮುಖ ನೋಡಿದಳು, ಕೋಟು ನೋಡಿದಳು, ರುಮಾಲು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ತಡೀರಿ" ಎಂದಳು ಅವರಿಗೆ. "ಅವರು ಯಾವ ಮಾತಿಗೆ ಹೂಂ ಅಂದಾರ ಅನ್ನೂದನ್ನ ಸರಿಯಾಗಿ ಕೇಳ್ರಿ. ಅವರ ಮನಸ್ಸಿನಾಗ ಬ್ಯಾರೆ ಇದ್ರ ನನ್ನ ಉತ್ತರ ಇಲ್ಲ ಅಂತ."

ಎಲ್ಲರೂ ನನ್ನ ಕಡೆಗೆ ತಿರುಗಿದರು. ನಾನು ಜನ್ಮವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದವನು. "ನಾ ಸರಿಯಾಗಿ ಕೇಳಿಸಿಕೊಂಡ ಹೂಂ ಅಂದೇನಿ" ಎಂದೆ.

೧೮ ಫೆಬ್ರುವರಿ

ಇಂದು ಬರೆಯುವಂಥದ್ದು ಏನೂ ಇಲ್ಲ. ಬೆಳ್ಳುಳ್ಳಿ ಸುಲಿದೆ.

೨೦ ಫೆಬ್ರುವರಿ

ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಇಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಮಂಚದ ಬಳಿ ಬಂದು ನೆಲದ ಮೇಲೆ ಕುಳಿತಳು.

"ನಿನಗ ಎಂದಿನಿಂದ ಗೊತ್ತಿತ್ತು?" ಎಂದು ಕೇಳಿದೆ.

"ಸಂಕ್ರಮಣದ ದಿನ ಹೊಳ್ಯಾಗ ಕೇಳಿದ್ರು. ಒಲ್ಲೆ ಅಂದೆ. ಮೂರು ಸಲ ಒಲ್ಲೆ ಅಂದೆ. ಅಣ್ಣಪ್ಪನ ಕಾಗದ ಓದಿ ನೀವು ಊರು ಕರೆದ್ರ ಹೋಗಬೇಕು ಅಂದ್ರಲ್ಲ, ಅವತ್ತು ನಿಮಗೂ ತಿಳಿದು ಒಪ್ಪೀರಿ ಅಂತ ನಾ ತಿಳಕೊಂಡೆ. ರುಮಾಲು ತಗದು ಕೊಡುವಾಗೂ ಹಂಗ ತಿಳದಿದ್ದೆ."

ಹೋಳಿಗೆ ಅದಕ್ಕಾಗಿ.

"ಖರೆ ಹೇಳಬೇಕಂದ್ರ ನಾ ಮೊದಲ ನಿಮ್ಮ ಹೆಸರ ಹೇಳಿದ್ದೆ" ಎಂದಳು.

"ಅವರು ಏನಂದ್ರು?"

ಅವಳು ನೆಲ ನೋಡಿದಳು. ತುಟಿ ಕಚ್ಚಿ ಹಿಡಿದದ್ದು ನನಗೆ ಕಂಡಿತು. "ಮಾಸ್ತರು ಭಾಳ ದೊಡ್ಡ ಮಂದಿ, ಆದರ ಅವರ ಮಾತು ಮುಗಿಯೂದ್ರಾಗ ನಳದಾಗಿನ ನೀರು ನಿಂತು ಹೋಗತಾವ ಅಂತ ಭರಮವ್ವ ಅಂದ್ಳು."

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಎಲ್ಲಿಂದಲೋ ನಗೆ ಬಂತು, ತಡೆಯಲಾಗಲಿಲ್ಲ. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ನಕ್ಕರೆ ಕಾಲು ನೋಯುತ್ತಿತ್ತು, ಕಾಲು ನೊಂದು ಅಯ್ಯೋ ಎಂದರೆ ಅವಳಿಗೆ ಮತ್ತಷ್ಟು ನಗೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ನಗೆ ನಿಂತ ಮೇಲೆ ಕೇಳಿದೆ, "ನಿನಗ ನಿಂದ್ರಬೇಕಂತ ಐತೇನು?"

ಈ ಬಗೆಯ ಪ್ರಶ್ನೆ ಅವಳಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

"ಐತ್ರಿ" ಎಂದಳು.

ಶಿವಗಂಗೆಗೆ ಅಕ್ಷರ ಕಲಿಸಿದವನು ನಾನೇ, ಮದುವೆಯಾದ ಹೊಸತರಲ್ಲಿ. ಒಂದು ಮಾತಿನಲ್ಲಿ ಉತ್ತರ ಹೇಳುವುದನ್ನು ಮಾತ್ರ ನಾನು ಕಲಿಸಿದ್ದಲ್ಲ.

೨೪ ಫೆಬ್ರುವರಿ

ನನ್ನ ಒಂದು ಪುಟದ ಭಾಷಣ ಅವಳಿಗೆ ಕೊಟ್ಟೆ. ಓದಿ, ಕೆಳಗಿನ ಅರ್ಧ ಹರಿದು ಮರಳಿ ಕೊಟ್ಟಳು. ಉಳಿದದ್ದು ಈಗ ನಿಜವಾಗಿಯೂ ಚೆನ್ನಾಗಿದೆ.

೨೮ ಫೆಬ್ರುವರಿ

ಇಂದು ವಕೀಲ ಸೋಮಪ್ಪನವರು ಸ್ವತಃ ಮನೆಗೆ ಬಂದರು. ಶಿವಗಂಗೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವರು ನನ್ನ ಮಂಚದ ಬಳಿಯೇ ಕುರ್ಚಿ ಎಳೆದುಕೊಂಡು, ಕಾಲಿನ ಕುಶಲ ಕೇಳಿ, ದನಿ ಇಳಿಸಿದರು.

"ಮಾಸ್ತರ, ನಾನು ಬಂದ್ರ ಸಾಲಿ ಕಮಿಟಿಗೆ ನಿಮ್ಮನ್ನ ಮುಖ್ಯಸ್ಥರನ್ನಾಗಿ ಮಾಡತೇನಿ. ನಿಮ್ಮಂಥವರು ಅಲ್ಲಿರಬೇಕು. ಶಿವಗಂಗಾಬಾಯಿಯವರಿಗೆ ನೀವು ಒಂದು ಮಾತು ತಿಳಿಸಿ ಹೇಳಿದ್ರ ಆತು."

ಸಾಲೆ ಕಮಿಟಿ. ಅದರ ಮುಂದೆ ಕೈಕಟ್ಟಿ ನಿಂತು ನಾನು ಎಷ್ಟು ಸಲ ಕಪ್ಪುಹಲಗೆ ಕೇಳಿದ್ದೇನೆ. ಸುಳ್ಳು ಬರೆಯಲಾರೆ, ಒಂದು ಗಳಿಗೆ ನನ್ನ ಮನಸ್ಸು ಆ ಕುರ್ಚಿಯ ಮೇಲೆ ಕುಳಿತು ಬಂತು.

"ವಕೀಲರ, ನಾ ಯಾದ್ಯಾಗ ಇಲ್ರಿ" ಎಂದೆ. "ಯಾದ್ಯಾಗ ಇದ್ದಾಕಿ ಒಳಗ ಅದಾಳ. ಆಕಿನ್ನ ಕೇಳ್ರಿ."

ಕೋಲು ಊರಿ ಎದ್ದು ಅಡಿಗೆಮನೆಗೆ ಹೋದೆ. ಅವಳನ್ನು ಹೊರಗೆ ಕಳಿಸಿ ಒಲೆಯ ಮುಂದೆ ಕುಳಿತೆ. ಹಂಚಿನ ಮೇಲೆ ಅವಳು ಬಿಟ್ಟುಹೋದ ರೊಟ್ಟಿ ಇತ್ತು. ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಳ ಎಲ್ಲಿ ಹಾಕಸ್ತೀರಿ ವಕೀಲರ?" ಎಂದು ಕೇಳಿದಳು.

"ಅದು ಎಲ್ಲಾರೂ ಕೂಡಿ ವಿಚಾರ ಮಾಡೂ ಮಾತ್ರಿ."

"ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವ, ಎರಡೂ ಕಡಿ ಹೆಂಗಸರು ತುಂಬಿಕೊಳ್ಳೂ ಹಂಗ ಹಾಕಸ್ತೇನಿ ಅಂತ ಒಂದು ಚೀಟಿ ಬರದು ಸಹಿ ಮಾಡ್ರಿ. ನಾ ಇವತ್ತ ಹಿಂದ ಸರಿತೇನಿ."

ಕುರ್ಚಿ ಹಿಂದೆ ಸರಿದ ಸಪ್ಪಳವಾಯಿತು. ಆಮೇಲೆ ವಕೀಲರು, "ವಿಚಾರ ಮಾಡತೇನ್ರಿ" ಎಂದರು.

"ಮಾಡ್ರಿ. ಅಲ್ಲೀತನಕ ನಾ ನಿಂತಿರತೇನಿ."

ಅಷ್ಟರಲ್ಲಿ ನಾನು ರೊಟ್ಟಿ ತಿರುವಿ ಹಾಕಿದೆ. ಅದು ಬುರುಬುರು ಉಬ್ಬಿ ಚೆಂಡಿನಂತೆ ದುಂಡಗಾಯಿತು. ನನ್ನ ಕೈಯಲ್ಲಿ ರೊಟ್ಟಿ ಉಬ್ಬಿತು. ಶಿವಗಂಗೆ ಒಳಗೆ ಬಂದಾಗ ನಾನು ವಕೀಲರ ಮಾತು ಕೇಳುವುದನ್ನು ಬಿಟ್ಟು ಮೊದಲು ಅದನ್ನೇ ತೋರಿಸಿದೆ. ಅವಳು ಅದನ್ನು ಎರಡಾಗಿ ಮುರಿದು, ಒಂದು ನನಗೆ ಕೊಟ್ಟು, ಒಂದು ನಿಂತಲ್ಲಿಯೇ ತಿಂದಳು.

೫ ಮಾರ್ಚ್

ವಕೀಲರಿಂದ ಚೀಟಿ ಬಂದಿಲ್ಲ. ಭರಮವ್ವ ದಿನಾಲೂ ಬಂದು ಕೇಳಿ, ಬರಲಿಲ್ಲವೆಂದು ಖುಷಿಯಾಗಿ ಹೋಗುತ್ತಾಳೆ. ಕೆಳಗಿನ ಓಣಿಯವರೂ ಈಗ ನಮ್ಮ ಮನೆಗೆ ಬರುತ್ತಾರೆ. ಪಡಸಾಲೆಯಲ್ಲಿ ಜಾಗ ಸಾಲದೆ ನನ್ನ ಮಂಚವನ್ನು ಒಳಕೋಣೆಗೆ ಹಾಕಿದ್ದೇವೆ. ಅಲ್ಲಿ ಗಾಳಿ ಚೆನ್ನಾಗಿದೆ.

೯ ಮಾರ್ಚ್

ದಬ್ಬೆ ಬಿಚ್ಚಿದರು. ಕಾಲು ತೆಳ್ಳಗೆ ಬೆಳ್ಳಗೆ ಬೇರೆಯವರ ಕಾಲಿನಂತೆ ಕಾಣುತ್ತದೆ, ಆದರೆ ನಡೆಯುತ್ತದೆ. ಕೋಲು ಊರುತ್ತ ಪೇಟೆಯ ಚಹದಂಗಡಿಯ ತನಕ ಹೋದೆ. ಎರಡು ತಿಂಗಳ ಮೇಲೆ ಬಿಸಿಲು ಮೈಮೇಲೆ ಬಿದ್ದದ್ದಕ್ಕೋ ಏನೋ, ಪೇಟೆಯ ಕತ್ತೆಗಳೂ ಚೆಂದ ಕಂಡವು.

ಅಂಗಡಿಯ ಬಾಕಿನ ಮೇಲೆ ಅರಭಾವಿಯಿಂದ ಬೆಲ್ಲ ತಂದ ಗಾಡಿಯವರು ಇಬ್ಬರು ಕುಳಿತಿದ್ದರು. ನನ್ನ ಪರಿಚಯದವರಲ್ಲ. ಗೋಕಾಕಕ್ಕೆ ಬರುವ ಅಧ್ಯಕ್ಷ ಯಾರೆಂದು ವಾದ ನಡೆದಿತ್ತು.

"ವಕೀಲನ ಬರತಾನ" ಎಂದ ಒಬ್ಬ.

"ಯಾರೋ ಮಾಸ್ತರನ ಹೆಂಡತಿ ನಿಂದ್ರತಾಳಂತಲ್ಲ?" ಎಂದ ಇನ್ನೊಬ್ಬ.

"ಎಲ್ಲಿ ನಿಂದ್ರತಾಳ? ಆ ಮಾಸ್ತರ ಭಾಳ ಬಿರುಸಿನ ಮನಶ್ಯಾ ಅಂತ. ಅಂವ ಹೆಂಡತಿನ್ನ ಹೊಸ್ತಲ ದಾಟಾಕ ಬಿಡಬೇಕಲ್ಲ?"

ನಾನು ಚಹ ಬಸಿಯಲ್ಲಿ ಹಾಕಿಕೊಂಡು ಊದುತ್ತ, "ಬಿಡೂದ ಎಲ್ಲಿ ಬಂತ್ರಿ, ಅವನ್ನ ಯಾರೂ ಕೇಳಿಲ್ಲ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. "ನಿಮಗ ಹೆಂಗ ಗೊತ್ರಿ ಅಜ್ಜಾರ?"

"ನಾ ಆ ಬಾಯಿಯವರ ಮನ್ಯಾಗ ಇರತೇನ್ರಿ."

"ಹಂಗಾರ ನೀವ ಹೇಳ್ರಿ" ಎಂದು ಒಬ್ಬ ಬಾಕಿನ ಮೇಲೆ ನನಗೆ ಜಾಗ ಮಾಡಿ ಕೊಟ್ಟ. "ಆಕಿ ಹೆಂಗದಾಳ?"

ನಾನು ಕುಳಿತೆ. ಹೇಳಲು ಆರಂಭಿಸಿದೆ. ಎರಡನೆಯ ಚಹ ಬಂತು, ಅದು ಆರಿತು, ಮೂರನೆಯದು ಬಂತು. ಅವರು ಗಾಡಿ ಕಟ್ಟುವ ಹೊತ್ತು ಮೀರಿದರೂ ಎದ್ದು ಹೋಗಲಿಲ್ಲ.